ಮೊಬೈಲಿನ ಕಿವಿರು ಎಲ್ಲಿ ನೋಡುವುದು? ‘ಅತಿ ಹೆಚ್ಚು ಸೇಲ್’ ಆದದ್ದು ಮತ್ತು ಉಳಿದದ್ದರ ನಡುವೆ ಆಯ್ಕೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮಲ್ಪೆಯಲ್ಲಿ ಮೀನು ಮಾರುವವರಿಗೆ ಸ್ವಲ್ಪ ಬಿಡುವು ಸಿಗುವುದು ಆ 61 ದಿನಗಳಲ್ಲೇ. ಹಾಗೆ ಬಿಡುವಾದ ಅಕ್ಕ ಒಬ್ಬರು ಒಂದು ಮಳೆಯ ಮಧ್ಯಾಹ್ನ, ಸತ್ತ ಮೊಬೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಉಡುಪಿಯ ನನ್ನ ರಿಪೇರಿ ಮೇಜಿನ ಮುಂದೆ ಬಂದು ಕುಳಿತರು. ಚಾರ್ಜರ್ ಚುಚ್ಚುವ ತೂತಿಗೆ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಮೂಲೆಗೆ ಬಿದ್ದ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬು ಉಂಟಲ್ಲ, ಅದೇ ಹಸಿರು ಒಳಗಿನ ಪಿನ್ನುಗಳ ಮೇಲೆ ಕಟ್ಟಿತ್ತು. ಐಸ್ ನೀರು, ಉಪ್ಪು, ಒದ್ದೆ ಕೈ, ದಿನಕ್ಕೆ ನೂರು ಸಲ ಯುಪಿಐ ಬಂತಾ ಎಂದು ನೋಡುವುದು. ಬಿಚ್ಚಿದಾಗ ಕಿಲುಬು ಮದರ್‌ಬೋರ್ಡಿಗೂ ಹಬ್ಬಿತ್ತು. ಇದಕ್ಕೆ ದುಡ್ಡು ಹಾಕುವುದು ಬೇಡ ಅಕ್ಕ ಎಂದೆ.

ಅವರು ಸೊಂಟದ ಚೀಲದಿಂದ ಒಂದು ಚೀಟಿ ತೆಗೆದರು. ಅಣ್ಣನ ಮಗ ಎರಡು ಮಾಡೆಲ್‌ಗಳ ಹೆಸರು ಬರೆದುಕೊಟ್ಟಿದ್ದ. ಮೊದಲನೆಯದರ ಕೆಳಗೆ ಗೆರೆ ಎಳೆದು ‘ಇದೇ ಈಗ ಅತಿ ಹೆಚ್ಚು ಸೇಲ್’ ಎಂದಿತ್ತು.

“ಇಷ್ಟು ಜನ ತೆಗೊಂಡಿದ್ದಾರೆ ಅಂದ್ರೆ ಒಳ್ಳೇದೇ ಇರ್ಬೇಕಲ್ಲ?”

“ನೀವು ಬಂದರಿನಲ್ಲಿ ಮೀನು ತೆಗೆದುಕೊಳ್ಳುವಾಗ ಯಾರ ಬುಟ್ಟಿ ಬೇಗ ಖಾಲಿಯಾಯ್ತು ಅಂತ ನೋಡ್ತೀರಾ?” ಎಂದು ಕೇಳಿದೆ.

“ಅದೆಂತಕ್ಕೆ? ಕಿವಿರು ಎತ್ತಿ ನೋಡ್ತೇನೆ. ಕೆಂಪಿದ್ರೆ ತಾಜಾ.” ಸ್ವಲ್ಪ ಹೊತ್ತು ಚೀಟಿಯನ್ನೇ ನೋಡಿ, “ಹಾಗಾದ್ರೆ ಇದರ ಕಿವಿರು ಎಲ್ಲುಂಟು?” ಎಂದರು.

ಆ ಪ್ರಶ್ನೆಗೆ ಅವತ್ತು ನಾನು ಹೇಳಿದ್ದು, ಆಮೇಲೆ ಲ್ಯಾಪ್‌ಟಾಪ್, ಸ್ಕೂಟರ್ ಎಂದು ಕೇಳಿಕೊಂಡು ಬಂದವರಿಗೆ ಹೇಳುತ್ತಿರುವುದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಆ ‘ನಂಬರ್ ಒನ್’ ಎಲ್ಲಿಂದ ಬಂತು

ಪತ್ರಿಕೆಯಲ್ಲಿ ಬರುವ ‘ಇಂಥ ಕಂಪನಿ ಈ ತ್ರೈಮಾಸಿಕದಲ್ಲಿ ಮೊದಲ ಸ್ಥಾನ’ ಎಂಬ ಸುದ್ದಿಯ ಹಿಂದೆ ಸಾಮಾನ್ಯವಾಗಿ ಇರುವುದು ಕಂಪನಿಯಿಂದ ಹೊರಟ ಮಾಲಿನ ಲೆಕ್ಕ. ಕಾರ್ಖಾನೆಯಿಂದ ವಿತರಕರಿಗೆ, ಅಲ್ಲಿಂದ ಅಂಗಡಿಗೆ ಹೋದದ್ದೂ ಅದರಲ್ಲಿ ಸೇರಿರುತ್ತದೆ. ಅದು ಜನರ ಕಿಸೆ ಸೇರಿತೋ, ಹಂಪನಕಟ್ಟೆಯ ಯಾವುದೋ ಅಂಗಡಿಯ ಅಟ್ಟದಲ್ಲಿ ಕುಳಿತಿದೆಯೋ ಆ ಅಂಕಿ ಹೇಳುವುದಿಲ್ಲ. ಜನರ ಕಿಸೆಗೇ ಹೋಯಿತು ಎಂದಿಟ್ಟುಕೊಂಡರೂ ಅದು ಕೊಂಡ ದಿನದ ಸುದ್ದಿ. ಎರಡನೇ ಮಳೆಗಾಲದಲ್ಲಿ ಆ ಸಾಧನ ಹೇಗಿತ್ತು ಎಂಬ ವರದಿಯನ್ನು ಯಾರೂ ಮೊದಲ ಪುಟದಲ್ಲಿ ಹಾಕುವುದಿಲ್ಲ.

ಅಂಗಡಿಯ ಒಳಗೂ ಒಮ್ಮೆ ಗಮನಿಸಿ. ಕಂಪನಿಯ ಹೆಸರಿನ ಟೀ ಶರ್ಟ್ ಹಾಕಿ ನಗುನಗುತ್ತಾ ಎದುರು ಬರುವ ಹುಡುಗನಿಗೆ ಬಹುಪಾಲು ಸಂಬಳ ಕೊಡುವುದು ಅಂಗಡಿಯಲ್ಲ, ಆ ಕಂಪನಿ. ಪೀಸಿಗೆ ಇಷ್ಟು ಎಂದು ಇನ್ಸೆಂಟಿವ್ ಇರುತ್ತದೆ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಅವರ ಮನೆ ನಡೆಯುವುದಿಲ್ಲ. ಆದರೆ “ಇದೇ ಜಾಸ್ತಿ ಹೋಗ್ತಾ ಉಂಟು” ಎಂಬ ಮಾತಿನಲ್ಲಿ ಎಷ್ಟು ಪಾಲು ಮೊಬೈಲಿನ ಗುಣ, ಎಷ್ಟು ಪಾಲು ಅವರ ದುಡಿಮೆ ಎಂದು ನಾವು ಬಿಡಿಸಿ ನೋಡಬೇಕು. ಬಡ್ಡಿಯಿಲ್ಲದ ಇಎಂಐ, ಹಳೆಯದಕ್ಕೆ ಎಕ್ಸ್‌ಚೇಂಜ್, ಹಬ್ಬದ ಕ್ಯಾಶ್‌ಬ್ಯಾಕ್ ಎಲ್ಲವೂ ಮಾರಾಟವನ್ನು ಏರಿಸುತ್ತವೆ. ಅವುಗಳಿಂದ ಸಾಧನದ ಒಳಗಿನ ಒಂದು ಸ್ಕ್ರೂ ಕೂಡ ಬದಲಾಗುವುದಿಲ್ಲ.

ಬೆಲೆಯ ವಿಷಯ ಅಕ್ಕನಿಗೆ ವಿವರಿಸಬೇಕಾಗಿ ಬರಲಿಲ್ಲ. ಅಗ್ಗದ ಬೂತಾಯಿ ಮೀನು ರಾಶಿಗಟ್ಟಲೆ ಹೋಗುತ್ತದೆ, ದುಬಾರಿ ಅಂಜಲ್ ಲೆಕ್ಕದಲ್ಲಿ ಹೋಗುತ್ತದೆ. ಅಷ್ಟರಿಂದ ಯಾವುದು ತಾಜಾ ಎಂದು ಯಾರೂ ತೀರ್ಮಾನಿಸುವುದಿಲ್ಲ. ಮೊಬೈಲಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಎಲ್‌ಜಿಯ ಜಿ8ಎಕ್ಸ್. ಎರಡು ಪರದೆಯ ಈ ಮೊಬೈಲ್ ಭಾರತಕ್ಕೆ ಬಂದಾಗ ಬೆಲೆ ಐವತ್ತು ಸಾವಿರದ ಹತ್ತಿರ, ಕೇಳುವವರು ಕಡಿಮೆ. 2020ರ ಅಕ್ಟೋಬರ್ ಹಬ್ಬದ ಮಾರಾಟದಲ್ಲಿ ಅದೇ ಮೊಬೈಲನ್ನು 19,990 ರೂಪಾಯಿಗೆ ಇಟ್ಟರು. ಮುಗಿಬಿದ್ದು ಕೊಂಡರು. ಮೊಬೈಲ್ ಅದೇ, ಪರದೆ ಅದೇ, ಕ್ಯಾಮೆರಾ ಅದೇ. 2021ರ ಏಪ್ರಿಲ್‌ನಲ್ಲಿ ಎಲ್‌ಜಿ ಮೊಬೈಲ್ ವ್ಯಾಪಾರವನ್ನೇ ಬಿಡುವುದಾಗಿ ಘೋಷಿಸಿತು.

ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ (ಜಾಲತಾಣ ತೆರೆದು ನೋಡುವ ಬ್ರೌಸರ್) ಇನ್ನೊಂದು ಬಗೆ. 2000ದ ದಶಕದ ಆರಂಭದಲ್ಲಿ ಜಗತ್ತಿನ ಇಂಟರ್ನೆಟ್ ಬಳಕೆದಾರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬಳಸುತ್ತಿದ್ದದ್ದು ಅದನ್ನೇ, ಏಕೆಂದರೆ ವಿಂಡೋಸ್ ಹಾಕಿದರೆ ಅದೂ ಬರುತ್ತಿತ್ತು. ಸೈಬರ್ ಕೆಫೆಗಳ ಆ ಕಾಲದಲ್ಲಿ ಅದರ ಮೂಲಕ ನುಗ್ಗಿದ ವೈರಸ್‌ಗಳನ್ನು ತೊಳೆಯುವುದೇ ನನ್ನ ಮೊದಲ ಸಂಪಾದನೆ.

ಮಾರಾಟ ಮತ್ತು ಗುಣ ಜೊತೆಜೊತೆಗೆ ಹೋದದ್ದೂ ಉಂಟು, ಅದನ್ನು ಮರೆಮಾಚಬಾರದು. 2003ರಲ್ಲಿ ಬಂದ ನೋಕಿಯಾ 1100 ಸುಮಾರು 25 ಕೋಟಿ ಮಾರಾಟವಾಯಿತು. ಧೂಳು ಒಳಗೆ ಹೋಗದ ರಬ್ಬರ್ ಕೀಲಿಗಳು, ತಲೆಯಲ್ಲಿ ಟಾರ್ಚ್, ದಿನಗಟ್ಟಲೆ ಬರುವ ಬ್ಯಾಟರಿ. ಕರೆಂಟು ಹೋದ ರಾತ್ರಿ ಬಚ್ಚಲಿಗೆ ಹೋಗಲು ನಮ್ಮ ಅಜ್ಜಿ ಆ ಟಾರ್ಚನ್ನೇ ಬಳಸುತ್ತಿದ್ದರು. ಅದು ಒಳ್ಳೆಯದಿತ್ತು ಎಂದು ನಾನು ಹೇಳುವುದು 25 ಕೋಟಿಯನ್ನು ನೋಡಿ ಅಲ್ಲ, ಆ ರಬ್ಬರ್ ಕೀಲಿಗಳನ್ನು ನೋಡಿ. ಇಷ್ಟೆಲ್ಲ ಮಾರಿದ ನೋಕಿಯಾವನ್ನು 2012ರಲ್ಲಿ ಸ್ಯಾಮ್‌ಸಂಗ್ ಹಿಂದೆ ಹಾಕಿತು. 2014ರ ಏಪ್ರಿಲ್‌ಗೆ ಅದರ ಮೊಬೈಲ್ ವಿಭಾಗ ಮೈಕ್ರೋಸಾಫ್ಟಿನ ಕೈ ಸೇರಿತ್ತು.

ಹೆಚ್ಚು ಮಾರಾಟದಿಂದ ನಿಜವಾಗಿ ಸಿಗುವುದು

ಒಂದು ವಿಷಯದಲ್ಲಿ ಮಾತ್ರ ನಾನು ಮಾರಾಟದ ಅಂಕಿಯನ್ನು ತುಂಬ ಗೌರವಿಸುತ್ತೇನೆ. ಅದು ಬಿಡಿಭಾಗ. ಊರಲ್ಲಿ ಸಾವಿರಾರು ಜನರ ಕೈಯಲ್ಲಿರುವ ಮಾಡೆಲಿನ ಡಿಸ್‌ಪ್ಲೇ ಮಂಗಳೂರಿನಿಂದ ಸಂಜೆಯ ಬಸ್ಸಿನಲ್ಲಿ ಬರುತ್ತದೆ. ಬ್ಯಾಟರಿ ಸಿಗುತ್ತದೆ, ಕವರ್ ಸಿಗುತ್ತದೆ, ನಾಲ್ಕು ರಿಪೇರಿಯವರಿಗೆ ಅದನ್ನು ಬಿಚ್ಚಿ ಅಭ್ಯಾಸವಿರುತ್ತದೆ. ಕಡಿಮೆ ಮಾರಾಟದ ಮಾಡೆಲ್‌ಗಾದರೆ ಬೆಂಗಳೂರಿಗೋ ದೆಹಲಿಗೋ ಆರ್ಡರ್ ಹಾಕಿ ಕಾಯಬೇಕು. ಕೆಲವೊಮ್ಮೆ ಬಂದ ಭಾಗ ಬೇರೆಯೇ ಮಾಡೆಲಿನದ್ದಾಗಿರುತ್ತದೆ. ಒಂದು ಕನೆಕ್ಟರ್ ಸಿಗದೆ ಚೆನ್ನಾಗಿದ್ದ ಮೊಬೈಲನ್ನು ಡ್ರಾಯರಿಗೆ ಹಾಕಿದವರನ್ನು ಕಂಡು ನನಗೆ ಹೊಟ್ಟೆ ಉರಿದಿದೆ. ಹಳೆಯದನ್ನು ಮಾರುವಾಗಲೂ ಹೆಸರಿದ್ದ ಮಾಡೆಲಿಗೆ ನಾಲ್ಕು ಕಾಸು ಹೆಚ್ಚು.

ಆದ್ದರಿಂದ ಎರಡೂ ಒಂದೇ ತೂಕಕ್ಕೆ ಬಂದರೆ ಹೆಚ್ಚು ಮಾರಾಟವಾದದ್ದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಒಂದೇ ತೂಕಕ್ಕೆ ಬಂದರೆ ಎಂಬುದು ಮುಖ್ಯ.

ಇದರ ಇನ್ನೊಂದು ಮಗ್ಗುಲು ಕೂಡ ಉಂಟು. “ನಿಮ್ಮ ಮೇಜಿಗೆ ಅತಿ ಹೆಚ್ಚು ಬರುವುದು ಯಾವ ಕಂಪನಿ? ಅದನ್ನು ಬಿಟ್ಟು ಬೇರೆ ತೆಗೆದುಕೊಳ್ಳುತ್ತೇನೆ” ಎಂದು ಕೇಳುವವರು ಬಹಳ. ಅದೂ ತಪ್ಪು ಲೆಕ್ಕ. ನೂರು ಮಾರಾಟವಾಗಿ ಹತ್ತು ಕೆಟ್ಟರೆ ನನ್ನ ಬಳಿ ಹತ್ತು ಬರುತ್ತವೆ. ಐದು ಮಾರಾಟವಾಗಿ ಮೂರು ಕೆಟ್ಟರೆ ಮೂರೇ ಬರುತ್ತವೆ. ನನ್ನ ಮೇಜು ನೋಡಿದರೆ ಮೊದಲನೆಯದೇ ಕೆಟ್ಟದ್ದು ಎನಿಸುತ್ತದೆ. ಹಾಗಾಗಿ ಎಷ್ಟು ಬಂತು ಎನ್ನುವುದಕ್ಕಿಂತ ಯಾವ ಭಾಗ ಕೆಟ್ಟು ಬಂತು, ಎಷ್ಟು ತಿಂಗಳಿಗೆ ಬಂತು ಎಂದು ರಿಪೇರಿಯವರನ್ನು ಕೇಳಿ. ಬೇರೆ ಬೇರೆ ಮನೆಗಳ ಆರು ಮೊಬೈಲುಗಳು ಒಂದೇ ಭಾಗ ಕೆಟ್ಟು ವರ್ಷದೊಳಗೆ ಬಂದರೆ ಅಲ್ಲಿ ತಯಾರಿಕೆಯ ದೋಷ ಇರಬಹುದು.

ಮೊಬೈಲ್: ನಮ್ಮ ಹವೆಗೆ ಬೇಕಾದ ಮೂರು ಪರೀಕ್ಷೆ

ದೇಶದಲ್ಲಿ ನಂಬರ್ ಒನ್ ಆದ ಮೊಬೈಲ್ ಮಲ್ಪೆ, ಪಣಂಬೂರು, ಉಳ್ಳಾಲದಲ್ಲೂ ನಂಬರ್ ಒನ್ ಆಗಿ ಬಾಳಬೇಕೆಂದಿಲ್ಲ. ಆ ಮಾರಾಟದ ಬಹುಪಾಲು ಕಡಲು ಕಾಣದ ಊರುಗಳದ್ದು. ನಮ್ಮಲ್ಲಿ ಗಾಳಿಯಲ್ಲೇ ಉಪ್ಪು, ನಾಲ್ಕು ತಿಂಗಳು ಗೋಡೆಯೂ ಬೆವರುತ್ತದೆ.

ನೀರಿನ ರಕ್ಷಣೆಯಿಂದ ಶುರುಮಾಡಿ. ಡಬ್ಬಿಯ ಮೇಲೆ ‘ಐಪಿ’ ಎಂದು ಬರೆದು ಎರಡು ಅಂಕಿ ಇರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಎಂದರೆ ಎರಚಿದ ಹನಿಗೆ ತಡೆ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಐಪಿ68ರಲ್ಲಿ ಅದಕ್ಕಿಂತ ಹೆಚ್ಚು, ಎಷ್ಟೆಂದು ಆಯಾ ಕಂಪನಿ ಹೇಳುತ್ತದೆ. ಈ ಪರೀಕ್ಷೆ ಎಲ್ಲವೂ ಸಿಹಿ ನೀರಿನಲ್ಲಿ, ಹೊಸ ಮೊಬೈಲಿನ ಮೇಲೆ ನಡೆಯುವುದು. ಉಪ್ಪು ನೀರಿಗೆ ಆ ಅಂಕಿ ಭರವಸೆ ಕೊಡುವುದಿಲ್ಲ. ಕಡಲ ನೀರು ತಾಗಿದರೆ, ಐಪಿ67 ಅಥವಾ 68 ಇದ್ದ ಮೊಬೈಲನ್ನು ಕೂಡಲೇ ಸಿಹಿ ನೀರಿನಲ್ಲಿ ಮೆಲ್ಲಗೆ ತೊಳೆದು ಒರೆಸಿ, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕದಿರುವುದು ಲೇಸು.

ಅಕ್ಕನಿಗೆ ಅವರ ಹಳೆಯ ಮೊಬೈಲಿನ ಒಳಗೆ ಒಂದು ಚುಕ್ಕೆ ತೋರಿಸಿದೆ. ಸಿಮ್ ಇಡುವ ಜಾಗದ ಹತ್ತಿರ ಅಕ್ಕಿಕಾಳಿನಷ್ಟು ಸ್ಟಿಕ್ಕರ್. ಹುಟ್ಟುವಾಗ ಬಿಳಿ, ನೀರು ತಾಗಿದರೆ ಕೆಂಪು. ಸರ್ವಿಸ್ ಸೆಂಟರಿನವರು ಮೊದಲು ನೋಡುವುದು ಅದನ್ನೇ. ಕೆಂಪಾಗಿದ್ದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ಡಬ್ಬಿಯ ಮೇಲೆ ಐಪಿ ಎಷ್ಟೇ ಇರಲಿ. “ಮೀನಿಗೆ ಉಲ್ಟಾ” ಎಂದರು ಅಕ್ಕ.

ಎರಡನೆಯದು ಚಾರ್ಜಿಂಗ್ ಪೋರ್ಟ್. ಕರಾವಳಿಯಲ್ಲಿ ಮೊದಲು ಸಾಯುವ ಭಾಗ ಇದು. ಕೆಲವು ಮೊಬೈಲುಗಳಲ್ಲಿ ಇದು ಕೆಳಗಡೆ ಬೇರೆಯೇ ಒಂದು ಸಣ್ಣ ಬೋರ್ಡಿನಲ್ಲಿರುತ್ತದೆ. ಅದನ್ನು ಕಿತ್ತು ಹೊಸದು ಹಾಕಿದರೆ ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ಇನ್ನು ಕೆಲವದರಲ್ಲಿ ಮುಖ್ಯ ಬೋರ್ಡಿಗೇ ಬೆಸುಗೆ. ಆಗ ಖರ್ಚು ಸಾವಿರಗಳಿಗೆ ಏರುತ್ತದೆ, ಅದೂ ಕೈ ಕುದುರಿದವರೇ ಮಾಡಬೇಕು. ಈ ವಿಷಯ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಕೊಳ್ಳುವ ಮೊದಲು ಊರಿನ ರಿಪೇರಿಯವರಲ್ಲಿ ಮಾಡೆಲ್ ಹೆಸರು ಹೇಳಿ ಕೇಳಿ, ಒಂದು ನಿಮಿಷದ ಮಾತು.

ಮೂರನೆಯದು, ಮೊಬೈಲಿನ ಸಾಫ್ಟ್‌ವೇರಿನ ದೋಷ ತಿದ್ದಲು ಕಂಪನಿ ಕಳಿಸುವ ಅಪ್‌ಡೇಟ್. ಗೂಗಲ್ 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಜನವರಿಯಲ್ಲಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟವು. ಅಗ್ಗದ ಮಾಡೆಲ್‌ಗಳಲ್ಲಿ, ಅತಿ ಹೆಚ್ಚು ಮಾರಾಟವಾಗುವುದೂ ಅವೇ, ಈ ಮಾತು ಬಹಳ ಚಿಕ್ಕದಿರುತ್ತದೆ. ಅಪ್‌ಡೇಟ್ ನಿಂತ ಮೊಬೈಲಿನಲ್ಲಿ ಯುಪಿಐ ಇಟ್ಟುಕೊಳ್ಳುವುದು ಬಾಗಿಲ ಚಿಲಕ ಸಡಿಲವಾದ ಮನೆಯಲ್ಲಿ ಹಣ ಇಟ್ಟ ಹಾಗೆ. ಬೆಲೆಯನ್ನು ಅಪ್‌ಡೇಟ್ ಸಿಗುವ ವರ್ಷಗಳಿಂದ ಭಾಗಿಸಿ. 12,000ದ ಮೊಬೈಲಿಗೆ ಎರಡು ವರ್ಷವಾದರೆ ವರ್ಷಕ್ಕೆ 6,000. 18,000ದ್ದಕ್ಕೆ ಆರು ವರ್ಷವಾದರೆ ವರ್ಷಕ್ಕೆ 3,000. ಹೀಗೆ ನೋಡಿದಾಗ ಯಾವುದು ಅಗ್ಗ ಎಂಬ ಉತ್ತರ ಬಹಳ ಸಲ ತಿರುಗಿಬೀಳುತ್ತದೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಇದು ಕಾನೂನೇ ಆಗಿದೆ, ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು. ನಮಗೆ ಆ ಕಾನೂನು ಇಲ್ಲದಿದ್ದರೂ, ನೀವು ನೋಡಿದ ಮಾಡೆಲ್ ಅಲ್ಲಿಯೂ ಮಾರಾಟದಲ್ಲಿದೆಯೇ ಎಂದು ಹುಡುಕಿ ನೋಡುವುದು ಒಳ್ಳೆಯದು.

ಲ್ಯಾಪ್‌ಟಾಪ್: ಕಂಪನಿಯ ಹೆಸರು ಕೇಳಬೇಡಿ, ಸರಣಿ ಕೇಳಿ

ಮಣಿಪಾಲ, ಸುರತ್ಕಲ್, ನಿಟ್ಟೆಗೆ ಮಕ್ಕಳನ್ನು ಸೇರಿಸುವ ಸಮಯಕ್ಕೆ ಅಪ್ಪ ಅಮ್ಮಂದಿರು ಕೇಳುವುದು ಒಂದೇ, ಯಾವ ಕಂಪನಿ ಒಳ್ಳೆಯದು. ಭಾರತದಲ್ಲಿ ವರ್ಷಗಳಿಂದ ಹೆಚ್ಚು ಕಂಪ್ಯೂಟರ್ ಮಾರುತ್ತಿರುವುದು ಎಚ್‌ಪಿ, ಜಗತ್ತಿನಲ್ಲಿ ಲೆನೊವೊ. ಆದರೆ ಈ ಅಂಕಿಯೊಳಗೆ ಕಚೇರಿಗಳು ಸಾವಿರಗಟ್ಟಲೆ ಕೊಳ್ಳುವ ಗಟ್ಟಿ ಬಿಸಿನೆಸ್ ಸರಣಿಯೂ ಇದೆ, ಆಫರಿನಲ್ಲಿ ಮಾರುವ ತೆಳು ಪ್ಲಾಸ್ಟಿಕ್ಕಿನದ್ದೂ ಇದೆ. ಒಂದೇ ಕಂಪನಿಯ ಈ ಎರಡರ ನಡುವಿನ ಅಂತರ, ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದು. ಕಚೇರಿಯವರು ಕೊಂಡದ್ದರ ಹೆಸರಿನ ಬಲದಲ್ಲಿ ನಿಮಗೆ ಸಿಗುವುದು ಇನ್ನೊಂದು.

ಹೊಗಳಿಕೆ ಪಡೆದ, ಚೆನ್ನಾಗಿ ಮಾರಾಟವಾದ ಯಂತ್ರದಲ್ಲೂ ಒಂದು ಭಾಗ ಕೆಟ್ಟದ್ದಿರಬಹುದು. ಆ್ಯಪಲ್ 2015ರಲ್ಲಿ ಮ್ಯಾಕ್‌ಬುಕ್‌ಗೆ ‘ಬಟರ್‌ಫ್ಲೈ’ ಎಂಬ ತೆಳ್ಳನೆಯ ಕೀಬೋರ್ಡ್ ತಂದಿತು. ಒಂದು ಕಣ ಧೂಳು ಹೋದರೆ ಕೀಲಿ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ಒಂದೇ ಅಕ್ಷರ ಎರಡು ಸಲ ಬೀಳುತ್ತಿತ್ತು. 2018ರಲ್ಲಿ ಉಚಿತ ದುರಸ್ತಿ ಯೋಜನೆ ಘೋಷಿಸಬೇಕಾಯಿತು, ಆಮೇಲೆ ಆ ಕೀಬೋರ್ಡನ್ನೇ ಕೈಬಿಟ್ಟರು, 2022ರಲ್ಲಿ ಅಮೆರಿಕದ ಮೊಕದ್ದಮೆಯಲ್ಲಿ 5 ಕೋಟಿ ಡಾಲರ್ ಕೊಡಲು ಒಪ್ಪಿದರು. ಕೈಬಿಡುವವರೆಗೂ ಮಾರಾಟ ನಡೆದೇ ಇತ್ತು. ಪರದೆ, ಬ್ಯಾಟರಿ, ಹೆಸರು ನೋಡಿ ಕೊಂಡವರೂ ಆ ಕೀಬೋರ್ಡಿನ ‘ಯಶಸ್ಸಿ’ನ ಲೆಕ್ಕಕ್ಕೇ ಸೇರಿದರು.

ಅಂಗಡಿಯಲ್ಲಿ ಮುಚ್ಚಳವನ್ನು ಒಂದು ಮೂಲೆಯಿಂದ ಹಿಡಿದು ಹತ್ತು ಸಲ ತೆರೆದು ಮುಚ್ಚಿ. ಹಿಂಜ್ ಕಿರುಗುಟ್ಟಿದರೆ, ಪ್ಲಾಸ್ಟಿಕ್ ಬಾಗಿದರೆ ಬೇಡ. ರ‍್ಯಾಮ್ (ಕೆಲಸದ ಮೆಮೊರಿ) ಮುಂದೆ ಹೆಚ್ಚು ಹಾಕಿಸಬಹುದೇ, ಬೋರ್ಡಿಗೇ ಬೆಸುಗೆಯೇ ಎಂದು ಕೇಳಿ. ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಪಿನ್ ಕೋಡಿಗೆ ಉಂಟೋ ಎಂದು ಕಂಪನಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಕಾರ್ಕಳದ ಒಳಗಿನ ಊರಿಗೆ ಇಲ್ಲ ಎಂದು ಕೊಂಡ ಮೇಲೆ ಗೊತ್ತಾದವರಿದ್ದಾರೆ. ಇನ್ನೊಂದು ಮಾತು, ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಕಪಾಟಿನಲ್ಲಿ ಜೋಪಾನ ಮಾಡಬೇಡಿ. ದಿನಾ ಬಳಸಿದ್ದು ತನ್ನ ಬಿಸಿಗೆ ತಾನೇ ಒಣಗುತ್ತದೆ, ಇಟ್ಟದ್ದಕ್ಕೆ ಬೂಷ್ಟು ಹಿಡಿಯುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಪ್ಲಗ್ ಮಾತ್ರವಲ್ಲ, ಇಂಟರ್ನೆಟ್ ವಯರನ್ನೂ ಎಳೆದಿಡಿ.

ಎಲೆಕ್ಟ್ರಿಕ್ ಸ್ಕೂಟರ್: ಸರ್ವಿಸ್ ಅಂಗಳಕ್ಕೆ ಹೋಗಿ ಬನ್ನಿ

2023–24ರಲ್ಲಿ ದೇಶದಲ್ಲಿ ಅತಿ ಹೆಚ್ಚು ಎಲೆಕ್ಟ್ರಿಕ್ ಸ್ಕೂಟರ್ ಮಾರಿದ್ದು ಓಲಾ, ಮೂರು ಲಕ್ಷಕ್ಕೂ ಹೆಚ್ಚು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದೇ ಕಂಪನಿಗೆ ಶೋಕಾಸ್ ನೋಟಿಸ್ ಕೊಟ್ಟಿತು. ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ದೂರು 10,644. ಅದರಲ್ಲಿ ಶೇ 99.1ರಷ್ಟು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ನನ್ನ ಮೇಜಿನ ‘ಎಷ್ಟರಲ್ಲಿ ಎಷ್ಟು’ ಎಂಬ ಲೆಕ್ಕವನ್ನು ಇಲ್ಲೂ ಮಾಡಬೇಕು: ದೂರು ಹತ್ತು ಸಾವಿರ ಎಂದು ಕೇಳಿ ಬೆಚ್ಚುವ ಮೊದಲು ಲಕ್ಷಗಟ್ಟಲೆ ಮಾರಾಟವನ್ನು ನೆನೆಯಬೇಕು. ಹಾಗೆಯೇ ಸಹಾಯವಾಣಿಯವರೆಗೆ ಹೋಗುವವರು ತೊಂದರೆಯಾದವರಲ್ಲಿ ಕೆಲವರೇ ಎಂಬುದನ್ನೂ ನೆನೆಯಬೇಕು. 2025ರಲ್ಲಿ ಟಿವಿಎಸ್ ಮುಂದೆ ಹೋಯಿತು. ಒಂದು ವರ್ಷದ ನಂಬರ್ ಒನ್ ನೋಡಿ ಏಳೆಂಟು ವರ್ಷ ಓಡಿಸುವ ಗಾಡಿ ಕೊಂಡವರಿಗೆ ಆ ಪಟ್ಟ ಯಾವ ಕೆಲಸಕ್ಕೂ ಬರುವುದಿಲ್ಲ.

ಇಲ್ಲಿ ಕಿವಿರು ಇರುವುದು ಶೋರೂಮಿನಲ್ಲಲ್ಲ, ಸರ್ವಿಸ್ ಸೆಂಟರಿನ ಅಂಗಳದಲ್ಲಿ. ವಾರದ ದಿನ ಹೋಗಿ ನೋಡಿ, ಎಷ್ಟು ಗಾಡಿ ಸೀಟಿನ ಮೇಲೆ ಧೂಳು ಹೊತ್ತು ನಿಂತಿವೆ. ಕಾಯುತ್ತಿರುವವರನ್ನು “ಎಷ್ಟು ದಿನ ಆಯ್ತು?” ಎಂದು ಕೇಳಿ. ಆಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಕದ್ರಿಯ ಏರಿನಲ್ಲಿ ಓಡಿಸಿ ನೋಡಿ.

ಪ್ರಿಂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗದ ಪ್ರಿಂಟರ್ ಬಹಳ ಮಾರಾಟವಾಗುತ್ತದೆ, ಕಾಸು ಹೋಗುವುದು ಕಾರ್ಟ್ರಿಡ್ಜಿಗೆ. ಶಾಯಿ ಟ್ಯಾಂಕಿನದ್ದು ನೋಡಿ. ಮಳೆಗಾಲದಲ್ಲಿ ಹಾಳೆ ಸಿಕ್ಕಿಕೊಂಡರೆ ಯಂತ್ರವನ್ನು ಬೈಯುವ ಮೊದಲು ಹಾಳೆ ಮುಟ್ಟಿ ನೋಡಿ, ತೇವ ಇರುತ್ತದೆ.

ತಪ್ಪಾದಾಗ ಕಂಪನಿ ಏನು ಮಾಡಿತು

ಎರಡು ಕಂಪನಿಗಳ ನಡುವೆ ತೂಗುವಾಗ ನಾನು ಕೊನೆಗೆ ಹುಡುಕುವುದು ಇದನ್ನೇ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಎಂಬ ವಿಡಿಯೊ ಗೇಮ್ ಯಂತ್ರ ಬಂದದ್ದು 2005ರಲ್ಲಿ. ಒಟ್ಟು ಎಂಟು ಕೋಟಿಗೂ ಹೆಚ್ಚು ಮಾರಾಟ. ಅದರ ಮುಖದಲ್ಲಿ ಮೂರು ಕೆಂಪು ದೀಪ ಹತ್ತಿತೆಂದರೆ ಯಂತ್ರ ಸತ್ತಂತೆ, ಅಂಥವು ಲೆಕ್ಕವಿಲ್ಲದಷ್ಟು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟಿತು. 2016ರಲ್ಲಿ ಸ್ಯಾಮ್‌ಸಂಗ್ ನೋಟ್ 7 ಮೊಬೈಲಿನ ಬ್ಯಾಟರಿಗಳು ಹೊತ್ತಿಕೊಂಡಾಗ ಬಿಡುಗಡೆಯಾದ ಎರಡು ತಿಂಗಳೊಳಗೆ ಆ ಮಾಡೆಲನ್ನೇ ನಿಲ್ಲಿಸಿದರು. ದೋಷ ದೊಡ್ಡದೇ, ಆದರೆ ಹೊಣೆ ಹೊತ್ತರು. ನೀವು ನೋಡುತ್ತಿರುವ ಕಂಪನಿ ಹಿಂದೆ ತಪ್ಪಿದಾಗ ಹೀಗೆ ಮಾಡಿತೇ, ಅಥವಾ ಗ್ರಾಹಕನದ್ದೇ ತಪ್ಪು ಎಂದಿತೇ? ಈ ಉತ್ತರಕ್ಕೆ ನಾನು ಮಾರಾಟದ ಅಂಕಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಬಿಲ್ ಜೋಪಾನ, ಡಬ್ಬಿ ಜೋಪಾನ. ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆನ್‌ಲೈನಿನಲ್ಲಿ ಕೊಂಡದ್ದಕ್ಕೂ ಉಡುಪಿಯವರು ಉಡುಪಿಯಲ್ಲಿ, ಮಂಗಳೂರಿನವರು ಮಂಗಳೂರಿನಲ್ಲಿ. ಐದು ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕ ಇಲ್ಲ.

ಅಕ್ಕನ ಚೀಟಿಯ ಎರಡು ಮಾಡೆಲ್‌ಗಳಲ್ಲಿ ‘ಹೆಚ್ಚು ಸೇಲ್’ನದ್ದಕ್ಕೆ ಬಿಡಿಭಾಗ ಸುಲಭ, ಪೋರ್ಟ್ ಬೇರೆ ಬೋರ್ಡಿನಲ್ಲಿ, ಅಪ್‌ಡೇಟ್ ಕಡಿಮೆ, ಐಪಿ54. ಇನ್ನೊಂದು ಮೂರು ಸಾವಿರ ಹೆಚ್ಚು, ಐಪಿ68, ಅಪ್‌ಡೇಟ್ ದೀರ್ಘ. ಭಾಗ ಬರಲು ವಾರ ಬೇಕು. ಅವರ ಕೆಲಸಕ್ಕೆ ಎರಡನೆಯದು ಹೊಂದುತ್ತದೆ ಎಂದು ನನಗನಿಸಿತು, ಹೇಳಿದೆ. ಅವರು ನನ್ನ ಮಾತಿಗೂ ಪೂರ್ತಿ ಜೋತುಬೀಳಲಿಲ್ಲ. ಮರುದಿನ ಅಂಗಡಿಗೆ ಹೋಗಿ ಕುಡಿಯಲು ಎಂದು ನೀರು ಕೇಳಿದರಂತೆ. ಲೋಟದಲ್ಲಿ ಬೆರಳು ಅದ್ದಿ, ಪ್ರದರ್ಶನಕ್ಕಿಟ್ಟ ಎರಡೂ ಮೊಬೈಲುಗಳಲ್ಲಿ ಒದ್ದೆ ಬೆರಳಿನಿಂದಲೇ ತಮ್ಮ ನಂಬರ್ ಒತ್ತಿದರು. ಮೊದಲನೆಯದರಲ್ಲಿ ಒಂಬತ್ತು ಒತ್ತಿದರೆ ಆರು ಬಿತ್ತು, ಮತ್ತೆ ಒತ್ತಿದರೆ ಏನೂ ಬೀಳಲಿಲ್ಲ. ಎರಡನೆಯದರಲ್ಲಿ ಹತ್ತೂ ಅಂಕಿ ಸರಿಯಾಗಿ ಬಿದ್ದವು. ಸೆರಗಿನಲ್ಲಿ ಕೈ ಒರೆಸಿಕೊಂಡು ಅದಕ್ಕೇ ಬಿಲ್ ಮಾಡಿಸಿದರು.